ಡಲಾನಿಗಾದ ‘ಡಿ’ ನಾಣ್ಯ ಕೊಳ್ಳಬಹುದಾ?

ಪ್ರಶ್ನೆ: ಸರ್, ನಾವಿರುವುದು ಅಟ್ಲಾಂಟಾದಲ್ಲಿ. ಹೋದ ವಾರ ಇದೇ ಜಾರ್ಜಿಯಾ ರಾಜ್ಯದ ಡಲಾನಿಗಾ ಊರಿನ ಗೋಲ್ಡ್ ಮ್ಯೂಸಿಯಂ ನೋಡಿ ಬಂದೆವು. ಅಲ್ಲಿದ್ದ ಹಳೆಯ ಟಂಕಸಾಲೆಯ ಒಂದು ಚಿನ್ನದ ನಾಣ್ಯ ಇಟ್ಟುಕೊಳ್ಳುವ ಆಸೆ ಹತ್ತಿಬಿಟ್ಟಿದೆ. ಆನ್‌ಲೈನಲ್ಲಿ ಒಬ್ಬರು 1853ರ ಐದು ಡಾಲರ್ ನಾಣ್ಯ, ಡಲಾನಿಗಾದ ಗುರುತಾದ ‘ಡಿ’ ಅಕ್ಷರದ್ದು, ಕಡಿಮೆಗೆ ಕೊಡ್ತೀನಿ ಅಂತಿದ್ದಾರೆ. ಗ್ರೇಡಿಂಗ್, ಅಂದರೆ ಅಸಲಿಯೋ, ಎಷ್ಟು ಚೆನ್ನಾಗಿದೆಯೋ ಅನ್ನುವ ಪರೀಕ್ಷೆ, ಆಗಿಲ್ಲ. ಫಳಫಳ ಹೊಳೆಯುತ್ತಿದೆ. ತೂಕ ಮಾಡಿ ತಗೊಳ್ಳಲಾ?

ಉತ್ತರ: ಸ್ವಲ್ಪ ತಡೆಯಿರಿ. ತೂಕದಿಂದ ಪೂರ್ತಿ ಗೊತ್ತಾಗಲ್ಲ. ಡಲಾನಿಗಾ ಟಂಕಸಾಲೆ ನಡೆದದ್ದು 1838ರಿಂದ 1861ರವರೆಗೆ ಮಾತ್ರ, ಹಾಗಾಗಿ ಅಲ್ಲಿನ ನಾಣ್ಯ ಅಪರೂಪ. ಅದೇ 1853ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಅಕ್ಷರವಿಲ್ಲದ ಐದು ಡಾಲರ್ ನಾಣ್ಯ ಮೂರು ಲಕ್ಷಕ್ಕೂ ಜಾಸ್ತಿ ಅಚ್ಚಾಯಿತು. ಎರಡೂ 8.36 ಗ್ರಾಂ, ಎರಡರಲ್ಲೂ ನೂರಕ್ಕೆ 90 ಭಾಗ ಚಿನ್ನ. ನೀವು ಜಾಸ್ತಿ ದುಡ್ಡು ಕೊಡುವುದು ಆ ಒಂದು ಅಕ್ಷರಕ್ಕೆ. ಹಾಗಾಗಿ ಮೋಸಗಾರರು ಅಸಲಿ ಫಿಲಡೆಲ್ಫಿಯಾ ನಾಣ್ಯಕ್ಕೇ ‘ಡಿ’ ಅಂಟಿಸುತ್ತಾರೆ. ತಕ್ಕಡಿಗೆ ಅದು ಹೇಗೆ ಗೊತ್ತಾಗಬೇಕು?

ಹಿಂಬದಿಯಲ್ಲಿ ಹದ್ದಿನ ಕೆಳಗಿರುವ ‘ಡಿ’ಯನ್ನು ಭೂತಗನ್ನಡಿಯಲ್ಲಿ ನೋಡಿ. ಅಕ್ಷರದ ಬುಡದಲ್ಲಿ ಕೂದಲೆಳೆಯಷ್ಟು ಗೆರೆ, ಬಣ್ಣ ಬದಲಾದ ಕಲೆ ಕಂಡರೆ ಬಿಟ್ಟುಬಿಡಿ. ಡಲಾನಿಗಾದ ಅಚ್ಚು ಅಷ್ಟೇನೂ ಚೊಕ್ಕವಲ್ಲ. ಹದ್ದಿನ ಕುತ್ತಿಗೆ, ಕಾಲಿನ ಗರಿ ಎಷ್ಟೋ ಸಲ ಮಸುಕಾಗಿಯೇ ಇರುತ್ತವೆ. ಹೆಚ್ಚಿನವು ಕೈಯಿಂದ ಕೈಗೆ ಓಡಾಡಿ ಸವೆದವು. ಹಾಗಾಗಿ ಆ ಹೊಳಪೇ ನನಗೆ ಅನುಮಾನ.

ಮೊದಲ ನಾಣ್ಯಕ್ಕೆ ಗ್ರೇಡಿಂಗ್ ಕಂಪನಿಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಪರೀಕ್ಷಿಸಿ ಸೀಲ್ ಮಾಡಿದ ಡಬ್ಬಿಯಲ್ಲಿ ಇರುವುದನ್ನೇ ತಗೊಳ್ಳಿ. ಡಬ್ಬಿಯ ನಂಬರನ್ನು ಅವರ ಸೈಟಿನಲ್ಲಿ ಹಾಕಿ, ಫೋಟೋ ಇದ್ದರೆ ಹೋಲಿಸಿ. ಡಬ್ಬಿಯ ನಕಲೂ ಬರುತ್ತದೆ.

ಪ್ರಶ್ನೆ: ಥ್ಯಾಂಕ್ಸ್ ಸರ್, ಅದನ್ನು ಬಿಟ್ಟೆ. ಸವೆದದ್ದು, ಕೊಳೆಯಾದದ್ದು ಸಿಕ್ಕರೆ ತೊಳೆಯಬಹುದಾ? ಅಮ್ಮ ಬಳೆ, ಸರ ಎಲ್ಲ ಅಂಟುವಾಳಕಾಯಲ್ಲೇ ತೊಳೆಯುತ್ತಾರೆ.

ಉತ್ತರ: ಅಮ್ಮನ ಸರಕ್ಕೆ ಸರಿ, ನಾಣ್ಯಕ್ಕೆ ಖಂಡಿತ ಬೇಡ! ಬ್ರಷ್ ತಾಗಿದರೆ ಸಣ್ಣ ಸಣ್ಣ ಗೀರು ಬೀಳುತ್ತವೆ. ಗ್ರೇಡಿಂಗಿನವರು ಅದನ್ನು ಹಿಡಿದು ಚೀಟಿಯಲ್ಲೇ ‘ಕ್ಲೀನ್ಡ್’ ಅಂತ ಬರೆಯುತ್ತಾರೆ, ಬೆಲೆ ಅಲ್ಲೇ ಬಿತ್ತು. ಮಣ್ಣಿನ ಬಣ್ಣ ಇದ್ದರೆ ಇರಲಿ ಬಿಡಿ. ನಾನಂತೂ ಅಂಥದ್ದನ್ನೇ ಹುಡುಕಿ ತಗೊಳ್ಳುತ್ತೇನೆ.

ಇನ್ನೊಬ್ಬರು: ನಡುವೆ ಬಾಯಿ ಹಾಕ್ತೀನಿ ಸರ್. 1861ರ ಡಲಾನಿಗಾದ ಒಂದು ಡಾಲರ್ ನಾಣ್ಯ ಸಿಗುತ್ತದಾ?

ಉತ್ತರ: ಆ ವರ್ಷ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಟಂಕಸಾಲೆ ದಕ್ಷಿಣದ ಬಂಡಾಯಗಾರರ ಕೈ ಸೇರಿತು. ಆ ಪುಟಾಣಿ ಡಾಲರನ್ನು ಅಚ್ಚು ಮಾಡಿದವರು ಅವರೇ. ಎಷ್ಟು ಅನ್ನುವ ಲೆಕ್ಕವೇ ಇಲ್ಲ. ಹರಾಜಿಗೆ ಬರುವುದು ಅಪರೂಪ, ಬಂದರೆ ಹತ್ತಾರು ಸಾವಿರ ಡಾಲರ್. ಮನೆ ಸಾಲ ತೀರಿದ ಮೇಲೆ ಕೇಳಿ, ಮಾತಾಡೋಣ.