ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳು: ಹಿಸ್ ಸದ್ದನ್ನು ಅಳಿಸಬೇಕೇ?

ತಾಳಮದ್ದಳೆ ಪ್ರಿಯ: ಎಂಬತ್ತರ ದಶಕದಲ್ಲಿ ನಮ್ಮ ಮನೆಯವರು ಧ್ವನಿಮುದ್ರಿಸಿಕೊಂಡಿದ್ದ ತಾಳಮದ್ದಳೆಗಳನ್ನು ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಹಾಕಿಸಿದೆ. ಹಿಸ್ (ಟೇಪು ಓಡುವಾಗ ಹಿನ್ನೆಲೆಯಲ್ಲಿ ಕೇಳುವ ‘ಸ್ಸ್’ ಸದ್ದು) ತೆಗೆಯುವ ಭರದಲ್ಲಿ ಅವರು ಚಕ್ರತಾಳದ ಝೇಂಕಾರವನ್ನೂ, ಅರ್ಥಧಾರಿಯ ಕುಟುಕು ಮಾತಿಗೆ ಸಭೆಯಲ್ಲೆದ್ದ ನಗುವನ್ನೂ ಒರೆಸಿ ಹಾಕಿದ್ದಾರೆ. ನನಗಂತೂ ಆ ಹಿಸ್ ಸಮೇತವಾದ ಪ್ರಸಂಗವೇ ಬೇಕು.

ಧ್ವನಿ ತಂತ್ರಜ್ಞ: ಹಿಸ್ ಮೇಲಿನ ಮೋಹವನ್ನು ಬದಿಗಿಟ್ಟರೂ ತಮ್ಮ ಆಕ್ಷೇಪ ನ್ಯಾಯವಾದದ್ದೇ. 3.81 ಮಿ.ಮೀ. ಅಗಲದ ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಷ್ಟೇ ಓಡುವುದರಿಂದ ಹಿಸ್ ಕ್ಯಾಸೆಟ್ಟಿಗೆ ಹುಟ್ಟುಗುಣ. ಟೇಪು ಕೆಟ್ಟಿರುವುದಕ್ಕೆ ಅದು ಸಾಕ್ಷಿಯಲ್ಲ. ಧ್ವನಿ ನಡುನಡುವೆ ಕಡಿಯುವುದು, ಒಂದು ಸುತ್ತಿನ ಮುದ್ರಣ ಪಕ್ಕದ ಸುತ್ತಿಗೆ ಹತ್ತಿಕೊಂಡು ಭಾಗವತರು ಬಾಯಿ ತೆರೆಯುವ ಮುನ್ನವೇ ಪದ್ಯ ಕ್ಷೀಣವಾಗಿ ಕೇಳಿಸುವುದು, ಇವು ಕಾಲ ಮಾಡಿದ ಹಾನಿ. ಧ್ವನಿ ಬರೀ ಮಂಕಾಗಿದ್ದರೆ ಟೇಪನ್ನು ದೂರುವ ಮೊದಲು ಪ್ಲೇಯರಿನ ಹೆಡ್ಡು (ಟೇಪಿನಿಂದ ಧ್ವನಿಯನ್ನು ಓದುವ ಭಾಗ) ವಾಲಿದೆಯೇ ನೋಡಿ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಎಷ್ಟೋ ಸಲ ತಾಳದ ಸದ್ದು ಸ್ಪಷ್ಟವಾಗುತ್ತದೆ.

ಕರಾವಳಿಯ ಓದುಗ: ನಮ್ಮ ಕಡೆಯ ಮಳೆಗಾಲಕ್ಕೆ ಈ ಸೂಕ್ಷ್ಮಗಳೆಲ್ಲ ಲೆಕ್ಕಕ್ಕಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದರೆ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಕಾಣುತ್ತದೆ. ಓವನ್ನಿನಲ್ಲಿ ಬಿಸಿ ಮಾಡಿದರೆ ಸರಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು, ನಿಜವೇ?

ಧ್ವನಿ ತಂತ್ರಜ್ಞ: ದಯವಿಟ್ಟು ಆ ಸಾಹಸ ಬೇಡ. 1970–80ರ ದಶಕಗಳ ಕೆಲವು ಸ್ಪೂಲ್ ಟೇಪುಗಳಲ್ಲಿ ಆಕ್ಸೈಡನ್ನು (ಧ್ವನಿ ಮುದ್ರಣಗೊಳ್ಳುವ ಕಾಂತೀಯ ಪುಡಿಯನ್ನು) ಹಿಡಿದಿಡುವ ಅಂಟು ತೇವ ಹೀರಿ ಜಿಗುಟಾಗುತ್ತದೆ. 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದವಾಗಿ ಕಾಯಿಸುವ ಕ್ರಮ ಇರುವುದು ಅವುಗಳಿಗೆ. ಅದರಿಂದ ಬೂಷ್ಟು ಹೋಗುವುದಿಲ್ಲ, ಅಡುಗೆಮನೆಯ ಓವನ್ನಿನಲ್ಲಿ ಆ ಹದವೂ ಸಿಗುವುದಿಲ್ಲ. ಬೂಷ್ಟು ಹಿಡಿದವನ್ನು ಬೇರೆಯಾಗಿಟ್ಟು ಒಣಗಲು ಬಿಡಿ, ಶುಚಿಗೊಳಿಸುವ ತನಕ ಪ್ಲೇಯರಿಗೆ ಹಾಕಲೇಬೇಡಿ. ಹಾಕಿದರೆ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.

ಬೆಂಗಳೂರಿನ ಸಂಗ್ರಾಹಕ: ಕಂಪ್ಯೂಟರಿಗೆ ಹಾಕಿಸಿದ ಮೇಲೆ ಮೂಲವನ್ನು ಗುಜರಿಗೆ ಕೊಡುವವರನ್ನು ಕಂಡಿದ್ದೇನೆ. ಮುದಿ ಕ್ಯಾಸೆಟ್ಟು ಗೊರಗೊರ ಎನ್ನುತ್ತಲಾದರೂ ಮುಕ್ಕಾಲು ಪ್ರಸಂಗ ಒಪ್ಪಿಸೀತು. ಹಾರ್ಡ್ ಡಿಸ್ಕ್ ಕೈಕೊಟ್ಟರೆ ಒಂದಕ್ಷರವೂ ಸಿಗದಿರಬಹುದು.

ಧ್ವನಿ ತಂತ್ರಜ್ಞ: ಒಪ್ಪಿದೆ. ಆದರೆ ಓಡಿಸುವ ಯಂತ್ರವೂ ಅಪರೂಪವಾಗುತ್ತಿದೆ. ಆದ್ದರಿಂದ ಏನನ್ನೂ ಅಳಿಸದ, ಸೂಕ್ಷ್ಮ ವಿವರಗಳನ್ನೂ ಹಿಡಿದಿಡುವ 24 ಬಿಟ್, 96 ಕಿಲೋಹರ್ಟ್ಸ್‌ನ ಪ್ರತಿಯೊಂದನ್ನು ಮೊದಲು ಮಾಡಿ ಎರಡು ಕಡೆ ಇಡಿ. ಹಿಸ್ ತೆಗೆಯುವ ಪ್ರಯೋಗವೇನಿದ್ದರೂ ಅದರ ನಕಲಿನ ಮೇಲೆ ನಡೆಯಲಿ.

ತಾಳಮದ್ದಳೆ ಪ್ರಿಯ: ಹಾಗಿದ್ದರೆ ಎಲ್ಲವನ್ನೂ ಮೊದಲಿನಿಂದ ಮಾಡಿಸಬೇಕು. ಮೂಲ ಕ್ಯಾಸೆಟ್ಟುಗಳು ನನ್ನಲ್ಲೇ ಇವೆ. ಉಡುಪಿಯ ಆಸುಪಾಸಿನಲ್ಲಿ ಹೆಡ್ಡು ಸವೆಯದ ಡೆಕ್ ಇರುವವರು ಯಾರಾದರೂ ಇದ್ದಾರೆಯೇ?