ಟೋಪಿ ಹಿಡಿಯುವ ಉದ್ಯೋಗ

ನಮ್ಮ ಶೀನ ಸಾಫ್ಟ್‌ವೇರ್ ನೌಕರಿಗೆ ರಾಜೀನಾಮೆ ಕೊಟ್ಟು ಜಾತ್ರೆಯ ಹಾಸ್ಯಗಾರನಾಗುತ್ತೇನೆಂದು ಘೋಷಿಸಿದಾಗ ಕೂಟದಲ್ಲಿದ್ದ ಯಾರೂ ಬೆಚ್ಚಿಬೀಳಲಿಲ್ಲ. ಜೇನು ಸಾಕಣೆ, ದೋಸೆಯ ಟ್ರಕ್ಕು, ಯೋಗಶಾಲೆ ಎಂದು ಅವನು ಹಿಂದೆ ಘೋಷಿಸಿದ್ದ ಉದ್ಯೋಗಗಳೆಲ್ಲ ಚಕ್ಕುಲಿಯ ತಟ್ಟೆ ಖಾಲಿಯಾಗುವುದರೊಳಗೆ ಅಸ್ತಂಗತವಾಗಿದ್ದವು. ಆದರೆ ಈ ಸಲ ಅವನು ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ದಕ್ಷಿಣಕ್ಕಿರುವ ವಾಕ್ಸಹ್ಯಾಚಿಯ ಸ್ಕಾರ್ಬರೋ ರಿನೈಸಾನ್ಸ್ ಜಾತ್ರೆಯನ್ನು ನೋಡಿ ಬಂದಿದ್ದ. ಅಲ್ಲಿಯ ಹದಿನಾರನೆಯ ಶತಮಾನದ ಹುಸಿ ಇಂಗ್ಲೆಂಡಿನಲ್ಲಿ, ರಾಜ, ರಾಣಿ ಮತ್ತು ಕುದುರೆಯೇರಿದ ಯೋಧರ ನಡುವೆ, ಉರಿಯುವ ಪಂಜುಗಳನ್ನು ಗಾಳಿಗೆಸೆದು ಹಿಡಿಯುತ್ತ ಮುಂದಿನ ಸಾಲಿನ ಬೋಳುತಲೆಯವರನ್ನು ಗೇಲಿ ಮಾಡುತ್ತಿದ್ದ ಒಬ್ಬ ಮಹಾಶಯನನ್ನು ಕಂಡು ಪೂರ್ತಿ ಮರುಳಾಗಿದ್ದ.

"ಅವನು ಅರ್ಧ ಗಂಟೆ ಮಾತಾಡುತ್ತಾನೆ, ಜನ ನಕ್ಕು ದುಡ್ಡು ಕೊಟ್ಟು ಹೋಗುತ್ತಾರೆ. ನಾನು ದಿನಕ್ಕೆ ಎಂಟು ಗಂಟೆ ಮೀಟಿಂಗಿನಲ್ಲಿ ಮಾತಾಡಿದರೂ ಒಬ್ಬರೂ ನಗುವುದಿಲ್ಲ" ಎಂಬುದು ಅವನ ಮುಖ್ಯ ವಾದವಾಗಿತ್ತು.

"ನಗುತ್ತಾರೆ, ನೀವು ಮಾತು ಮುಗಿಸಿ ಹೋದ ಮೇಲೆ" ಎಂದರು ಅವನ ಹೆಂಡತಿ ವಿಶಾಲಾಕ್ಷಿ.

ಈ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲವರು ಕುಂದಾಪುರದ ಕಡೆಯ ಭಟ್ಟರು ಮಾತ್ರ. ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಇಂಥ ಜಾತ್ರೆಗಳಲ್ಲಿ ಪಂಜು ಎಸೆದು ಹಿಡಿಯುವ ಕಸರತ್ತಿನ ಒಬ್ಬ ಜಗ್ಲರ್ ತನ್ನ ಕ್ಯಾಂಪರ್ ಗಾಡಿಯನ್ನು ಅವರ ಹಿತ್ತಲಿನಲ್ಲಿ ತಂದು ನಿಲ್ಲಿಸುತ್ತಾನೆ ಮತ್ತು ಬಾಡಿಗೆಯ ಬದಲಾಗಿ ತನ್ನ ಕಷ್ಟಸುಖ ಹೇಳಿಕೊಳ್ಳುತ್ತಾನೆ. ಭಟ್ಟರು ನಶ್ಯದ ಡಬ್ಬಿಯಿಲ್ಲದಿದ್ದರೂ ನಶ್ಯ ಏರಿಸುವವರ ಗಾಂಭೀರ್ಯದಿಂದ ಆರಂಭಿಸಿದರು. "ಜಾತ್ರೆ ನೋಡುವುದು ಬೇರೆ, ಜಾತ್ರೆಯ ಬೆನ್ನು ಹತ್ತುವುದು ಬೇರೆ ಮಾರಾಯ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಅವನು ಅರಿಜೋನದ ಮರುಭೂಮಿಯಲ್ಲಿರುತ್ತಾನೆ. ಏಪ್ರಿಲ್, ಮೇ ತಿಂಗಳಿಗೆ ನಮ್ಮ ವಾಕ್ಸಹ್ಯಾಚಿ. ಬೇಸಿಗೆಗೆ ಕೊಲರಾಡೋದ ಲಾರ್ಕ್‌ಸ್ಪರ್, ಆಗಸ್ಟ್ ಕೊನೆಗೆ ಮಿನೆಸೋಟ, ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹ್ಯೂಸ್ಟನ್ನಿನ ವಾಯವ್ಯಕ್ಕಿರುವ ಟಾಡ್ ಮಿಷನ್. ನಮ್ಮ ಯಕ್ಷಗಾನ ಮೇಳಗಳ ತಿರುಗಾಟ ಇದ್ದ ಹಾಗೆಯೇ. ವ್ಯತ್ಯಾಸವೆಂದರೆ, ನಮ್ಮ ಕಡೆ ಹರಕೆಯವರು ಆಟ ಆಡಿಸುತ್ತಾರೆ, ಊಟ ಹಾಕುತ್ತಾರೆ, ಮೇ ಕೊನೆಯಲ್ಲಿ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮನೆಗೆ ಹೋಗಬಹುದು. ಇವನಿಗೆ ಮನೆಯೇ ಗಾಡಿ."

ವಿಶಾಲಾಕ್ಷಿಯವರು ಕಾಫಿಯ ಲೋಟಗಳನ್ನು ಒಟ್ಟು ಮಾಡುತ್ತ, "ಈ ಜಾತ್ರೆಗಳು ಹೆಚ್ಚಾಗಿ ಶನಿವಾರ, ಭಾನುವಾರ ನಡೆಯುತ್ತವಂತೆ. ಉಳಿದ ಐದು ದಿನ ಆ ಪುಣ್ಯಾತ್ಮ ಏನು ಮಾಡುತ್ತಾನೆ?" ಎಂದು ಕೇಳಿದರು.

"ವೆಲ್ವೆಟ್ ಅಂಗಿಯನ್ನು ಒಗೆಯುವ ಬಗೆ ಹೇಗೆಂದು ಯೋಚಿಸುತ್ತಾನೆ" ಎಂದರು ಭಟ್ಟರು. ಟೆಕ್ಸಾಸಿನ ಬಿಸಿಲಿನಲ್ಲಿ ವೆಲ್ವೆಟ್ಟು, ಉಣ್ಣೆ ಮತ್ತು ಚರ್ಮದ ಪೋಷಾಕು ತೊಟ್ಟು ದಿನಕ್ಕೆ ಮೂರು ನಾಲ್ಕು ಪ್ರದರ್ಶನ ಕೊಟ್ಟವನ ಅಂಗಿ ಸಂಜೆಗೆ ತಾನೇ ಎದ್ದು ನಿಲ್ಲುತ್ತದಂತೆ. ಸೋಮವಾರ ಅದನ್ನು ಬೇಲಿಯ ಮೇಲೆ ಹರಡಿದಾಗ ಭಟ್ಟರ ಪಕ್ಕದ ಮನೆಯ ನಾಯಿ ಎರಡು ದಿನ ಆ ಕಡೆ ಸುಳಿಯುವುದಿಲ್ಲ. ಮಂಗಳವಾರ ಟೈರು, ಬುಧವಾರ ಬೆನ್ನುನೋವು, ಗುರುವಾರ ಹೊಸದೊಂದು ನಗೆಮಾತಿನ ಅಭ್ಯಾಸ, ಮತ್ತು ಶುಕ್ರವಾರ ಆ ನಗೆಮಾತನ್ನು ಕೈಬಿಡುವ ತೀರ್ಮಾನ.

ಕೈಬಿಡುವುದಕ್ಕೂ ಕಾರಣವಿದೆ. ಜಾತ್ರೆಗೆ ವರ್ಷವರ್ಷವೂ ಬರುವ ಜನ ಹೊಸ ನಗೆಯನ್ನು ಕೇಳಲು ಬರುವುದಿಲ್ಲ. ಹಳೆಯದನ್ನು ಹಾಸ್ಯಗಾರನಿಗಿಂತ ಅರ್ಧ ಕ್ಷಣ ಮೊದಲೇ ತಾವು ಹೇಳಿ ಖುಷಿಪಡಲು ಬರುತ್ತಾರೆ. ಮಿನೆಸೋಟದ ಜಾತ್ರೆಯಲ್ಲಿ 1974ರಿಂದ ಆಡುತ್ತ ಬಂದ ಒಂದು ಜೋಡಿಯ ಹೆಸರು 'ಪ್ಯೂಕ್ ಅಂಡ್ ಸ್ನಾಟ್'. ಕನ್ನಡದಲ್ಲಿ ವಾಂತಿ ಮತ್ತು ಸಿಂಬಳ ಎಂದಾಗುತ್ತದೆಯಾದ್ದರಿಂದ, ತಿಂಡಿಯ ಹೊತ್ತಿನಲ್ಲಿ ಇದನ್ನು ಹೇಳಿದ ಭಟ್ಟರ ಕಡೆಗೆ ವಿಶಾಲಾಕ್ಷಿಯವರು ಒಮ್ಮೆ ನೋಡಿದರು. 2008ರಲ್ಲಿ ಆ ಜೋಡಿಯ ಒಬ್ಬ ನಟ ಜೋ ಕುಡ್ಲಾ ತೀರಿಕೊಂಡರು. ಉಳಿದ ಮಾರ್ಕ್ ಸೀವ್ ಬೇರೊಬ್ಬ ಜೊತೆಗಾರನನ್ನು ಕಟ್ಟಿಕೊಂಡು ಆಟ ಮುಂದುವರಿಸಿದರು. ಇದೇ ಜಾತ್ರೆಯಲ್ಲಿಯೇ 1975ರಲ್ಲಿ ಪೆನ್ ಮತ್ತು ಟೆಲ್ಲರ್ ಎಂಬ ಇಂದಿನ ಜಗತ್ಪ್ರಸಿದ್ಧ ಜಾದೂಗಾರರು ಮೊದಲ ಬಾರಿಗೆ ಒಟ್ಟಿಗೆ ಪ್ರದರ್ಶನ ಕೊಟ್ಟದ್ದೆಂದು ಕೇಳಿದ ಕೂಡಲೇ ಶೀನನ ಕಣ್ಣು ಹೊಳೆಯಿತು. ಲಾಸ್ ವೇಗಸ್ಸಿನಲ್ಲಿ ತನ್ನ ಹೆಸರಿನ ದೀಪಾಲಂಕಾರ ಅವನಿಗೆ ಆಗಲೇ ಕಾಣಿಸುತ್ತಿತ್ತು.

ಲೆಕ್ಕಪರಿಶೋಧಕರಾದ ರಾಮಮೂರ್ತಿಗಳು ಇಷ್ಟು ಹೊತ್ತು ಸುಮ್ಮನಿದ್ದುದೇ ಆಶ್ಚರ್ಯ. "ಸಂಬಳದ ವಿಷಯ ಯಾರೂ ಎತ್ತಲಿಲ್ಲವಲ್ಲ" ಎಂದರು.

ಸಂಬಳವೆಂಬುದು ಅಲ್ಲಿ ಬಹುಮಟ್ಟಿಗೆ ಟೋಪಿಯ ರೂಪದಲ್ಲಿರುತ್ತದೆ. ಜಾತ್ರೆಯವರು ಗೊತ್ತುಮಾಡಿ ಕೊಡುವ ಮೊತ್ತ ಕೆಲವರಿಗೆ ಚೆನ್ನಾಗಿರುತ್ತದೆ, ಹಲವರಿಗೆ ಪೆಟ್ರೋಲಿಗೆ ಸಾಕಾಗುತ್ತದೆ, ಉಳಿದದ್ದನ್ನು ಪ್ರೇಕ್ಷಕರ ಜೇಬಿನಿಂದ ನಗಿಸಿಯೇ ಹೊರತೆಗೆಯಬೇಕು. ಭಟ್ಟರ ಜಗ್ಲರ್ ಈ ವಿದ್ಯೆಯನ್ನು ಅವರಿಗೆ ಹಿತ್ತಲಿನಲ್ಲಿಯೇ ಮಾಡಿ ತೋರಿಸಿದ್ದನಂತೆ. ಅತ್ಯಂತ ಅಪಾಯಕಾರಿಯಾದ ಕೊನೆಯ ಕಸರತ್ತಿಗೆ ಎಲ್ಲವನ್ನೂ ಅಣಿಗೊಳಿಸಿ, ಪಂಜಿಗೆ ಬೆಂಕಿ ಹೊತ್ತಿಸುವ ಮುನ್ನ ನಿಲ್ಲಿಸಬೇಕು. ಆಗ ಟೋಪಿಯ ಭಾಷಣ ಮಾಡಬೇಕು. ಕಸರತ್ತು ಮುಗಿದ ಮೇಲೆ ಕೇಳಿದರೆ ಬೆಂಚಿನ ಮೇಲೆ ಉಳಿಯುವುದು ಟರ್ಕಿ ಕೋಳಿಯ ಮೂಳೆಗಳು ಮಾತ್ರ. ಟೋಪಿಯೊಳಗೆ ತನ್ನದೇ ಇಪ್ಪತ್ತು ಡಾಲರಿನ ನೋಟೊಂದನ್ನು ಎಲ್ಲರಿಗೂ ಕಾಣುವ ಹಾಗೆ ಮೊದಲೇ ಇಟ್ಟಿರಬೇಕು, ಏಕೆಂದರೆ ಒಳಗೆ ಚಿಲ್ಲರೆ ಕಂಡವರು ಚಿಲ್ಲರೆಯನ್ನೇ ಹಾಕುತ್ತಾರೆ. ಚಪ್ಪಾಳೆ ಮುಗಿಯುವ ಮೊದಲೇ ವೇದಿಕೆಯಿಂದ ಜಿಗಿದು, ಜನ ಹೊರಹೋಗುವ ದಾರಿಯ ಕುತ್ತಿಗೆಯಲ್ಲಿ ಟೋಪಿ ಹಿಡಿದು ನಿಂತು, ಪ್ರತಿಯೊಬ್ಬರ ಕಣ್ಣನ್ನೂ ನೋಡಬೇಕು. ಕಣ್ಣು ತಪ್ಪಿಸಿದವರು ಹತ್ತು ಹೆಜ್ಜೆ ಹೋಗಿ, ಮಗುವಿನ ಕೈಯಲ್ಲಿ ಒಂದು ಡಾಲರ್ ಕೊಟ್ಟು ಕಳಿಸುತ್ತಾರೆ. ನಗದು ಇಲ್ಲವೆಂಬ ನೆವಕ್ಕೂ ಈಗ ಮದ್ದಿದೆ, ಹದಿನಾರನೆಯ ಶತಮಾನದ ಆ ಟೋಪಿಯ ಅಂಚಿಗೆ ಫೋನಿನಿಂದ ಹಣ ಕಳಿಸುವ ಕ್ಯುಆರ್ ಚೀಟಿ ಅಂಟಿಸಿರುತ್ತದೆ.

"ಮಳೆ ಬಂದರೆ?" ಎಂದರು ರಾಮಮೂರ್ತಿಗಳು.

"ಟೋಪಿಯನ್ನು ತಲೆಗೆ ಹಾಕಿಕೊಳ್ಳುತ್ತಾನೆ."

"ಇಷ್ಟು ದಿನ ಕಂಪನಿಯವರು ಇವರಿಗೆ ಟೋಪಿ ಹಾಕುತ್ತಿದ್ದರು, ಇನ್ನು ಇವರೇ ಹಿಡಿದು ನಿಲ್ಲುತ್ತಾರೆ, ಅಷ್ಟೇ ತಾನೆ. ಆರೋಗ್ಯ ವಿಮೆ?" ಎಂದರು ವಿಶಾಲಾಕ್ಷಿ.

ಇದಕ್ಕೆ ಶೀನ ಸಿದ್ಧನಾಗಿಯೇ ಬಂದಿದ್ದ. ಇಟಲಿಯ ಪಾಡುವಾ ನಗರದಲ್ಲಿ 1545ರಲ್ಲಿ ಎಂಟು ಮಂದಿ ನಟರು ಒಡಂಬಡಿಕೆ ಬರೆದುಕೊಂಡು ತಂಡ ಕಟ್ಟಿದರೆಂದೂ, ಸಾಮಾನು ಹೊರಲು ಸಮಷ್ಟಿ ಹಣದಿಂದ ಒಂದು ಕುದುರೆ ಕೊಳ್ಳತಕ್ಕದ್ದೆಂದೂ, ಯಾರಾದರೂ ಕಾಯಿಲೆ ಬಿದ್ದರೆ ಅದೇ ಹಣದಿಂದ ನೋಡಿಕೊಳ್ಳತಕ್ಕದ್ದೆಂದೂ ಅದರಲ್ಲಿ ಬರೆದಿತ್ತೆಂದೂ ಅವನು ಒಂದೇ ಉಸಿರಿಗೆ ಹೇಳಿದ. ಇಂದಿನ ಜಾತ್ರೆಯವರಿಗೂ ಆಸ್ಪತ್ರೆಯ ಬಿಲ್ಲಿನಲ್ಲಿ ನೆರವಾಗಲು ರೆಸ್ಕ್ಯೂ ಎಂಬ ಪ್ರತಿಷ್ಠಾನವಿದೆ ಎಂದು ಸೇರಿಸಿದ.

"ಅಂದರೆ ನಾಲ್ಕು ನೂರ ಎಂಬತ್ತು ವರ್ಷಗಳಲ್ಲಿ ಕುದುರೆಯೊಂದು ಕಡಿಮೆಯಾಯಿತು" ಎಂದರು ರಾಮಮೂರ್ತಿಗಳು. ಅವರು ಇಂಗ್ಲೆಂಡಿನ 1572ರ ಕಾಯಿದೆಯನ್ನೂ ಬಲ್ಲವರಾಗಿದ್ದರು. ಶ್ರೀಮಂತರ ಆಶ್ರಯವಾಗಲಿ ಪರವಾನಗಿಯಾಗಲಿ ಇಲ್ಲದೆ ಊರೂರು ಅಲೆಯುವ ನಟನನ್ನು ಪೋಲಿ ಅಲೆಮಾರಿಯೆಂದು ಹಿಡಿದು, ಚಾಟಿಯಿಂದ ಹೊಡೆದು, ಬಲಗಿವಿಯನ್ನು ಕಾಯಿಸಿದ ಕಬ್ಬಿಣದಿಂದ ಸುಡಬೇಕೆಂದು ಅದು ಹೇಳುತ್ತದೆ. ಶೀನ ತನ್ನ ಬಲಗಿವಿಯನ್ನು ಮುಟ್ಟಿ ನೋಡಿಕೊಂಡ.

ನನಗೆ ಈ ಕಾಯಿದೆಯ ಮಾತು ತುಂಬ ಹಿಡಿಸಿತು. ಆ ಜಾತ್ರೆಯಲ್ಲಿ ರಾಜ ಹುಸಿ, ಕೋಟೆ ಪ್ಲೈವುಡ್ಡು, ಕೈಯಲ್ಲಿ ಹಿಡಿದು ತಿನ್ನುವ ಟರ್ಕಿ ಕೋಳಿಯ ಕಾಲು ಅಮೆರಿಕದಿಂದ ಯುರೋಪಿಗೆ ಹೋದ ಹಕ್ಕಿಯದು. ಲಾಸ್ ಏಂಜಲೀಸಿನ ಶಿಕ್ಷಕಿ ಫಿಲಿಸ್ ಪ್ಯಾಟರ್ಸನ್ ತನ್ನ ಹಿತ್ತಲಿನಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದವರು, ಗಂಡನೊಂದಿಗೆ 1963ರಲ್ಲಿ ಒಂದು ರೇಡಿಯೋ ಕೇಂದ್ರಕ್ಕೆ ಹಣ ಕೂಡಿಸಲು ಇಂಥ ಮೊದಲ ಜಾತ್ರೆ ನಡೆಸಿದರು. ಅಂದಿನಿಂದ ಅಲ್ಲಿ ಅಸಲಿ ಎನ್ನಬಹುದಾದವನು, ಊರು ಬಿಟ್ಟು ಊರಿಗೆ ಗಾಡಿ ಕಟ್ಟಿ ಮಳೆಯನ್ನು ಶಪಿಸುವ ಈ ಹಾಸ್ಯಗಾರನೊಬ್ಬನೇ. ಷೇಕ್ಸ್‌ಪಿಯರನ ತಂಡ ಬಿಟ್ಟ ವಿಲ್ ಕೆಂಪ್ ಎಂಬ ವಿದೂಷಕ 1600ರಲ್ಲಿ ಪಣ ಕಟ್ಟಿ ಲಂಡನ್ನಿನಿಂದ ನಾರ್ವಿಚ್ ತನಕ ಕುಣಿದುಕೊಂಡೇ ಹೋಗಿದ್ದ. ಕುಣಿದದ್ದಾದ ಮೇಲೆ ಪಣದ ಹಣ ಕೊಡದೆ ತಪ್ಪಿಸಿಕೊಂಡವರ ಮೇಲೆ ಅವನೂ ದೂರು ಬರೆದಿದ್ದಾನೆ. ಟೋಪಿಯ ಮುಂದೆ ಕಣ್ಣು ತಪ್ಪಿಸುವವರಿಗೆ ಇಷ್ಟು ದೊಡ್ಡ ಪರಂಪರೆಯಿದೆಯೆಂದು ನನಗೆ ಗೊತ್ತಿರಲಿಲ್ಲ.

"ಅದೆಲ್ಲ ಸರಿ. ನಿನಗೆ ಬರುವ ವಿದ್ಯೆ ಯಾವುದು?" ಎಂದರು ಭಟ್ಟರು. "ಬರೀ ಮಾತಿಗೆ ಅಲ್ಲಿ ಜನ ನಿಲ್ಲುವುದಿಲ್ಲ. ಕೆಸರು ತಿಂದು ಕಾಸು ಕೇಳುವವರಿದ್ದಾರೆ, ಕತ್ತಿ ನುಂಗುವವರಿದ್ದಾರೆ, ಹಗ್ಗದ ಮೇಲೆ ನಡೆಯುವವರಿದ್ದಾರೆ."

ಶೀನ ಬಹಳ ಹೊತ್ತು ಯೋಚಿಸಿದ. "ಹೊತ್ತಿ ಉರಿಯುತ್ತಿರುವ ಸರ್ವರನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಲ್ಲವೂ ಸರಿಯಾಗಿದೆಯೆಂದು ಗ್ರಾಹಕರಿಗೆ ನಗುನಗುತ್ತ ಹೇಳಬಲ್ಲೆ" ಎಂದ.

ರಾಮಮೂರ್ತಿಗಳು ಇದನ್ನು ಬೆಂಕಿಯ ಕಸರತ್ತುಗಳ ಸಾಲಿಗೆ ಸೇರಿಸಬಹುದೆಂದು ಒಪ್ಪಿದರು. ವಿಶಾಲಾಕ್ಷಿಯವರು ಮಾತ್ರ, ಕ್ಯಾಂಪರ್ ಕೊಳ್ಳುವ ಮೊದಲು ಇವರು ವೆಲ್ವೆಟ್ ಅಂಗಿ ತೊಟ್ಟು ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ನಮ್ಮ ಹಿತ್ತಲಿನ ಹುಲ್ಲು ಕತ್ತರಿಸಿ ತೋರಿಸಲಿ, ನಾನು ಕಿಟಕಿಯ ಹಿಂದೆ ಕುಳಿತು ನಗುತ್ತೇನೆ, ಇಪ್ಪತ್ತು ಡಾಲರನ್ನೂ ಕೊಡುತ್ತೇನೆ ಎಂದರು. ಶೀನ ಅದು ಜೂನ್ ತಿಂಗಳೋ ಡಿಸೆಂಬರೋ ಎಂದು ಸ್ಪಷ್ಟಪಡಿಸಬೇಕೆಂದು ಕೇಳಿದ.