ಪೆಟ್ರೋಲ್ ಬಂಕಿನ ಅಂಗಡಿಗೆ ಮದ್ಯದ ಪರವಾನಗಿ: ಯಾವ ಅಳತೆಯಿಂದ ತೀರ್ಮಾನಿಸಬೇಕು?

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ಬಸವನಗುಡಿ

ನಮ್ಮ ಕಾಲೇಜಿನ ಅಣಕು ನ್ಯಾಯಾಲಯಕ್ಕೆ ಈ ಸಲ ಇಂಗ್ಲೆಂಡಿನಲ್ಲಿ ನಡೆಯುವ ಒಂದು ಕಲ್ಪಿತ ಪ್ರಕರಣವನ್ನು ಕೊಟ್ಟಿದ್ದಾರೆ. ಪೆಟ್ರೋಲ್ ಬಂಕಿಗೆ ಸೇರಿದ ಅಂಗಡಿಯೊಂದು ಹಾಲು, ಬ್ರೆಡ್ಡು, ದಿನಸಿಯ ಜೊತೆಗೆ ಬಿಯರ್ ಮತ್ತು ವೈನ್ ಮಾರಲು ಸ್ಥಳೀಯ ಪರವಾನಗಿ ಸಮಿತಿಗೆ ಅರ್ಜಿ ಹಾಕಿದೆ. ಅಲ್ಲಿನ 2003ರ ಲೈಸೆನ್ಸಿಂಗ್ ಕಾಯ್ದೆಯ 176ನೇ ಕಲಮಿನಂತೆ, ಮುಖ್ಯವಾಗಿ ಗ್ಯಾರೇಜಾಗಿ ಬಳಕೆಯಾಗುವ ಜಾಗದಲ್ಲಿ ಮದ್ಯ ಮಾರುವಂತಿಲ್ಲ. ಪೆಟ್ರೋಲ್, ಡೀಸೆಲ್‌ಗಳ ಚಿಲ್ಲರೆ ಮಾರಾಟವೂ ಆ ಬಳಕೆಯಲ್ಲಿ ಸೇರುತ್ತದೆ. ಇಂಧನಕ್ಕಿಂತ ಅಂಗಡಿಯಿಂದಲೇ ತಮಗೆ ಹೆಚ್ಚು ಲಾಭ ಬರುತ್ತದೆ ಎಂದು ಅರ್ಜಿದಾರರು ಲೆಕ್ಕ ತೋರಿಸಿದ್ದಾರೆ. ನಾನು ಸಮಿತಿಯ ಪರವಾಗಿ ವಾದಿಸಬೇಕು. ಮುಖ್ಯ ಬಳಕೆ ಯಾವುದು ಎಂಬುದನ್ನು ಹಣದಿಂದ ಅಳೆಯಬೇಕೇ, ಬರುವ ಜನರಿಂದಲೇ? ನಮ್ಮ ಬೆಂಗಳೂರಿನಲ್ಲಿ ಇಂಥ ಅರ್ಜಿ ಬಂದರೆ ಅದೇ ಅಳತೆ ಸಾಕಾದೀತೇ ಎಂಬುದನ್ನೂ ತಿಳಿಯಬಯಸುತ್ತೇನೆ.

ಉತ್ತರ: ವಕೀಲರು, ಮಲ್ಲೇಶ್ವರ

ಹಣದ ಲೆಕ್ಕವನ್ನು ಬದಿಗಿಡಿ. ಇಂಧನದ ಬೆಲೆಯಲ್ಲಿ ತೆರಿಗೆಯ ಪಾಲು ದೊಡ್ಡದು, ಮಾರುವವನಿಗೆ ಉಳಿಯುವುದು ಅಲ್ಪ. ಆದ್ದರಿಂದ ಒಟ್ಟು ವಹಿವಾಟನ್ನು ನೋಡಿದರೆ ಬಹುತೇಕ ಪ್ರತಿಯೊಂದು ಜಾಗವೂ ಬಂಕಿನಂತೆ ಕಾಣುತ್ತದೆ, ಲಾಭವನ್ನು ನೋಡಿದರೆ ಅದೇ ಜಾಗ ಕಿರಾಣಿ ಅಂಗಡಿಯಂತೆ ಕಾಣುತ್ತದೆ. 1994ರ ಗ್ರೀನ್ ಪ್ರಕರಣವು ಹಳೆಯ ಕಾಯ್ದೆಯಡಿ ಬಂದದ್ದಾದರೂ, ಗ್ರಾಹಕರು ಆ ಜಾಗವನ್ನು ಯಾವುದಕ್ಕಾಗಿ ಎಷ್ಟು ಬಳಸುತ್ತಾರೆ ಎಂಬುದನ್ನೇ ನೋಡಬೇಕೆಂಬ ದಾರಿಯನ್ನು ಅದು ಹಾಕಿಕೊಟ್ಟಿತು. ಬರೀ ಇಂಧನಕ್ಕೆ ಬಂದವರೆಷ್ಟು, ಬರೀ ಅಂಗಡಿಗೆ ಬಂದವರೆಷ್ಟು, ಎರಡನ್ನೂ ಕೊಂಡವರೆಷ್ಟು ಎಂಬುದು ಬಿಲ್ಲಿಂಗ್ ಯಂತ್ರದ ದಾಖಲೆಯಲ್ಲೇ ಸಿಗುತ್ತದೆ. ನಿಜವಾದ ವಾದ ನಡೆಯುವುದು ಮೂರನೆಯ ಗುಂಪಿನ ಮೇಲೆ: ಟ್ಯಾಂಕ್ ತುಂಬಿಸಿ ಹೋಗುವಾಗ ಒಂದು ಚಾಕೊಲೇಟ್ ಕೊಂಡವನನ್ನು ಅಂಗಡಿಯ ಗ್ರಾಹಕನೆಂದು ಎಣಿಸಲು ಅರ್ಜಿದಾರರು ಪ್ರಯತ್ನಿಸುತ್ತಾರೆ, ನೀವು ಅದನ್ನು ಒಪ್ಪಬಾರದು.

ದಾಖಲೆ ಕೊಡದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಮರ್ಕೊ ಪೆಟ್ರೋಲಿಯಂ ಕಂಪನಿಯು ಬ್ರಿಸ್ಟಲ್ ನಗರಸಭೆಯ ವಿರುದ್ಧ ಹೂಡಿದ್ದ 2010ರ ಪ್ರಕರಣವನ್ನು ಓದಿ. ಮುಖ್ಯ ಬಳಕೆಯ ಬಗ್ಗೆ ಮಾಹಿತಿ ಕೇಳಿ ವಿಚಾರಣೆಯನ್ನು ಮುಂದೂಡಲು ಸಮಿತಿಗೆ ಅಧಿಕಾರವಿದೆ ಎಂದು ಅಲ್ಲಿನ ಹೈಕೋರ್ಟ್ ಒಪ್ಪಿತು. ಸಾಕ್ಷ್ಯ ಸಾಲದಿದ್ದಾಗ ಪರವಾನಗಿ ಕೊಟ್ಟು ಆಮೇಲೆ ಕ್ರಮ ಕೈಗೊಳ್ಳುವ ದಾರಿಯನ್ನೂ ಸರ್ಕಾರದ ಮಾರ್ಗಸೂಚಿ ತೆರೆದಿಟ್ಟಿದೆ. ಆದರೆ ಜಾಗವು ಮುಖ್ಯವಾಗಿ ಬಂಕಾಗಿರುವಷ್ಟು ಕಾಲ ಅಂಥ ಪರವಾನಗಿಯಿಂದ ಮದ್ಯ ಮಾರುವ ಹಕ್ಕು ಹುಟ್ಟುವುದೇ ಇಲ್ಲ. ಕೊಟ್ಟು ನಿಷ್ಫಲವಾಗಿಸುವುದಕ್ಕಿಂತ ಮುಂದೂಡುವುದೇ ಪ್ರಾಮಾಣಿಕ ಮಾರ್ಗ ಎಂಬುದು ನನ್ನ ಅಭಿಪ್ರಾಯ.

ಉತ್ತರ: ನಿವಾಸಿಗಳ ಸಂಘದ ಸದಸ್ಯರು, ರಾಜಾಜಿನಗರ

ಮೇಲಿನ ಉತ್ತರ ಅಣಕು ನ್ಯಾಯಾಲಯಕ್ಕೆ ಸರಿಯಾಗಿದೆ. ಆದರೆ ಆ ಅಳತೆಯನ್ನು ಇಲ್ಲಿಗೆ ತರುವುದನ್ನು ನಾನು ಒಪ್ಪಲಾರೆ. ಜನರ ಎಣಿಕೆಯೇ ಅಳತೆಯಾದರೆ, ಅಂಗಡಿ ಹೆಚ್ಚು ಗಿಜಿಗುಟ್ಟಿದಷ್ಟೂ ಮದ್ಯ ಮಾರುವ ದಾರಿ ಸುಗಮವಾಗುತ್ತದೆ. ಅಲ್ಲಿಗೆ ಗಾಡಿಯಲ್ಲಿ ಬಂದು ಗಾಡಿಯಲ್ಲೇ ಹೋಗುವವರು ಅದರಿಂದ ಕಡಿಮೆಯಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಚಾಲಕರ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂವರೆಗೆ ಮದ್ಯಸಾರವಿದ್ದರೂ ಅಪರಾಧವಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮು 30 ಮಿಲಿಗ್ರಾಂ ದಾಟಿದರೆ ಶಿಕ್ಷಿಸುತ್ತದೆ. ಇಷ್ಟು ಕಟ್ಟುನಿಟ್ಟಾದ ಮಿತಿಯಿಟ್ಟ ಮೇಲೆ, ಗಾಡಿ ನಿಲ್ಲಲೇಬೇಕಾದ ಜಾಗದಲ್ಲಿ ಬಾಟಲಿ ಇಡುವುದಕ್ಕೆ ಯಾವ ನ್ಯಾಯವೂ ಕಾಣದು.

ನಮ್ಮಲ್ಲಿ ಅಳತೆ ಇರುವುದು ದೂರದ್ದು. 1967ರ ಅಬಕಾರಿ ನಿಯಮಗಳ ಪ್ರಕಾರ ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡುವಂತಿಲ್ಲ. ಹೆದ್ದಾರಿಗಳಿಂದ 500 ಮೀಟರ್ ದೂರವಿರಬೇಕೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೇಳಿದ್ದೂ ಚಾಲಕರ ಕೈಗೆ ಮದ್ಯ ಸುಲಭವಾಗಿ ಸಿಗಬಾರದೆಂಬ ಕಾಳಜಿಯಿಂದಲೇ.

ಉತ್ತರ: ಓದುಗರು, ಜಯನಗರ

ಹಿಂದಿನವರ ಕಾಳಜಿ ನನ್ನದೂ ಹೌದು, ಆದರೆ ದೂರದ ಅಳತೆಯ ಗತಿಯನ್ನು ನಾವೇ ಕಂಡಿದ್ದೇವೆ. 2017ರ ಜುಲೈ 1ರಂದು ಹೊಸ ಅಬಕಾರಿ ವರ್ಷ ಆರಂಭವಾದಾಗ ಎಂ.ಜಿ. ರಸ್ತೆಯ ಸುತ್ತಲಿನ ಅನೇಕ ಬಾರುಗಳು ಬಾಗಿಲು ಹಾಕಿದವು. ಅದೇ ತಿಂಗಳ 11ರಂದು ಚಂಡೀಗಢದ ಪ್ರಕರಣದಲ್ಲಿ, ನಗರಸಭೆಗಳ ವ್ಯಾಪ್ತಿಯೊಳಗಿನ ಸನ್ನದುಗಳಿಗೆ ಆ ಆದೇಶ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬಾರಿನ ಜಾಗವೂ ಬದಲಾಗಲಿಲ್ಲ, ಅಲ್ಲಿಗೆ ಬರುವ ಗಾಡಿಗಳೂ ಬದಲಾಗಲಿಲ್ಲ.

ಹಾಗಾಗಿ ಆ ಊರಿಗೆ ಇನ್ನೊಂದು ಮದ್ಯದಂಗಡಿಯ ಅಗತ್ಯವಿದೆಯೇ ಎಂದು ನಾನು ಮೊದಲು ಕೇಳುತ್ತೇನೆ. ಸ್ಕಾಟ್ಲೆಂಡಿನ 2005ರ ಕಾಯ್ದೆ ಬಂಕುಗಳಲ್ಲಿ ಮದ್ಯವನ್ನು ನಿಷೇಧಿಸಿದರೂ, ಇಂಧನಕ್ಕೋ ದಿನಸಿಗೋ ಸುತ್ತಲಿನವರು ಬಹುಮಟ್ಟಿಗೆ ಅದೇ ಜಾಗವನ್ನು ನೆಚ್ಚಿಕೊಂಡಿದ್ದರೆ ವಿನಾಯಿತಿ ಕೊಡುತ್ತದೆ. ಒಂಟಿ ಹಳ್ಳಿಗೆ ಅದು ನ್ಯಾಯ. ದಿನಸಿ ಅಂಗಡಿಯೂ ವೈನ್ ಸ್ಟೋರೂ ನಡೆದುಹೋಗುವಷ್ಟು ಹತ್ತಿರದಲ್ಲಿರುವ ಬೆಂಗಳೂರಿನ ಬಡಾವಣೆಗಳಿಗೆ ಅಂಥ ವಾದ ನಿಲ್ಲುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಂಟಿಯಾಗಿ ಗಲ್ಲಾದಲ್ಲಿ ಕೂತ ಹುಡುಗನೋ ಹುಡುಗಿಯೋ, ಕುಡಿದು ಬಂದವನಿಗೆ ಇನ್ನೊಂದು ಬಾಟಲಿ ಕೊಡುವುದಿಲ್ಲ ಎಂದು ಹೇಳಬೇಕಾಗುತ್ತದೆ. ಇಂಗ್ಲೆಂಡಿನ ಕಾಯ್ದೆಯ ನಾಲ್ಕು ಉದ್ದೇಶಗಳಲ್ಲಿ ಅಪರಾಧ ತಡೆಯೂ ಸಾರ್ವಜನಿಕ ಸುರಕ್ಷತೆಯೂ ಇವೆ. ರಾತ್ರಿ ಇಷ್ಟು ಹೊತ್ತಿನ ನಂತರ ಮದ್ಯ ಮಾರಬಾರದು, ಇಬ್ಬರು ನೌಕರರು ಇರಬೇಕು, ಬಾಗಿಲು ಮುಚ್ಚಿ ಕಿಟಕಿಯಿಂದಷ್ಟೇ ವ್ಯವಹರಿಸಬೇಕು ಎಂಬ ಷರತ್ತುಗಳನ್ನು ಆ ಆಧಾರದ ಮೇಲೆ ದಯವಿಟ್ಟು ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬಿಲ್ಲಿಂಗ್ ದಾಖಲೆ ಬರುವವರೆಗೆ ವಿಚಾರಣೆಯನ್ನು ಮುಂದೂಡಬೇಕೆಂದು ಮೊದಲು ಕೋರುತ್ತೇನೆ. ಅದನ್ನು ಒಪ್ಪದಿದ್ದರೆ ರಾತ್ರಿ ಪಾಳಿಯ ಷರತ್ತುಗಳನ್ನು ಮುಂದಿಡುತ್ತೇನೆ. ಎರಡನ್ನೂ ಕೊಂಡವರನ್ನು ಅವರ ಬಿಲ್ಲಿನ ಮೊತ್ತದಿಂದ ವಿಂಗಡಿಸಬಹುದೇ ಎಂಬುದನ್ನು ವಕೀಲರು ತಿಳಿಸಿದರೆ ಉಪಕಾರವಾಗುತ್ತದೆ.